ನೆಲದಡಿಯ ಕಾಲುವೆ

ಒಂದು ಕಾಲಕ್ಕೆ ರಾಜಧಾನಿ, ಈಗ ಬಡಾವಣೆ. ಸಿಂಹಾಸನ ಇದ್ದಿರಬಹುದಾದ ಜಾಗದಲ್ಲಿ ಯಾರದೋ ಸ್ಕೂಟರ್ ನಿಂತಿರುತ್ತದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದರ್ಜಿಯಮ್ಮನಂತೂ ರಾಜರನ್ನು ನೆನೆದವಳೇ ಅಲ್ಲ. ಮದುವೆಯಾದಾಗಿನಿಂದ ಅಡುಗೆಮನೆಯ ಮೂಲೆಯಲ್ಲೇ ಹೊಲಿಗೆ ಮಷೀನು ತುಳಿದವಳಿಗೆ ಇದ್ದ ಆಸೆ ಒಂದೇ: ಕಟ್ಟುತ್ತಿರುವ ಸ್ವಂತ ಮನೆಯಲ್ಲಿ, ಬೀದಿಗೆ ಕಿಟಕಿಯಿರುವ ಒಂದು ಹೊಲಿಗೆ ಕೋಣೆ.

ಹಿತ್ತಲಲ್ಲಿ ನೀರಿನ ಸಂಪ್ ತೋಡುವಾಗ ಹಾರೆ ಠಣ್ ಎಂದಿತು. ಚಪ್ಪಡಿ ಸರಿಸಿದರೆ ಕೆಳಗೆ ಕಲ್ಲಿನ ಕಾಲುವೆ. ಒಳಗೆ ನೀರು ಹರಿಯುತ್ತಿದೆ!

"ಒಡೆದು ಸಿಮೆಂಟ್ ಬಡಿದ್ರೆ ಸಂಜೆಗೆ ಕೆಲಸ ಮುಗೀತು," ಎಂದ ಮೇಸ್ತ್ರಿ. "ಇಲ್ಲಾಂದ್ರೆ ಸಂಪ್ ಮುಂದ್ಗಡೆ ತೋಡ್ಬೇಕು. ನಿಮ್ಮ ಹೊಲಿಗೆ ಕೋಣೆ ಹೋಗತ್ತೆ."

"ಒಡೀರಿ ಮತ್ತೆ," ಎಂದವಳು ಸುಮ್ಮನೆ ಒಳಗೆ ಕೈ ಇಳಿಬಿಟ್ಟಳು. ತಣ್ಣನೆಯ ನೀರು ಬೆರಳು ಸವರಿಕೊಂಡು, ಅವಸರವಿಲ್ಲದೆ ಮುಂದೆ ಹೋಯಿತು. ಅರಮನೆ ಹೋಯಿತು, ದಂಡು ಹೋಯಿತು, ಊರಿನ ಹೆಸರು ಬಸ್ಸಿನ ಬೋರ್ಡಿಗೆ ಬಂದು ಕೂತಿತು. ಈ ನೀರಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿಲ್ಲ!

"ರೀ, ಇದು ಎಲ್ಲಿಗೆ ಹೋಗತ್ತೆ?"

"ರಾಜರು ಬಂದಾಗ ಕೇಳು," ಎಂದ ಗಂಡ.

ಅವಳು ಬಟ್ಟೆಗೆ ಹಾಕುವ ನೀಲಿಯ ಬಾಟಲಿ ತಂದು ಪೂರ್ತಿ ಸುರಿದಳು. ಗಂಡ ಹಣೆ ಚಚ್ಚಿಕೊಂಡರೂ ಹಿಂದೆಯೇ ಹೊರಟ. ಇಬ್ಬರೂ ಇಳಿಜಾರಿನ ಬೀದಿ ಹಿಡಿದು ಕಂಡವರ ಬಾವಿಗೆಲ್ಲ ಇಣುಕಿದರು. "ಏನ್ ಕಳ್ಕೊಂಡ್ರಿ?" ಎಂದು ಜನ ಕೇಳಿದರೆ ಏನಂತ ಹೇಳುವುದು!

ಕೊನೆಯ ಬೀದಿಯಲ್ಲಿ ಅವಳ ಚಿಕ್ಕಮ್ಮನ ಮನೆ. ನಲ್ಲಿ ಕೈಕೊಟ್ಟಾಗಲೆಲ್ಲ ಸುತ್ತಲಿನವರು ಕೊಡ ಹಿಡಿದು ಬರುವುದು ಅಲ್ಲಿಗೇ. ಆ ಬಾವಿ ಬತ್ತಿದ್ದನ್ನು ಕಂಡವರಿಲ್ಲ. ಈಗ ಚಿಕ್ಕಮ್ಮ ಬಾವಿಕಟ್ಟೆಯ ಬಳಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

"ಬಾರೇ ಇಲ್ಲಿ, ನೋಡು! ಆಕಾಶ ನನ್ನ ಬಾವಿಗಿಳಿದುಬಿಟ್ಟಿದೆ!"

ಕೊಡದ ತುಂಬ ತಿಳಿನೀಲಿ. ದರ್ಜಿಯಮ್ಮ ಬಾವಿಗೆ ಬಗ್ಗಿ ನೋಡಿದಳು. ಯಾವ ಪುಣ್ಯಾತ್ಮನ ಕೈಯ ಕೆಲಸವೋ! ಇಷ್ಟು ಮನೆಗಳ ಕೆಳಗೆ, ಯಾರಿಗೂ ಹೇಳದೆ ಕೇಳದೆ, ಆ ನೀರು ಬಂದು ಬಂದು ಚಿಕ್ಕಮ್ಮನ ಕೊಡ ತುಂಬುತ್ತಿತ್ತು. ಅಲ್ಲಿ ಒಡೆದರೆ ಇಲ್ಲಿ ಬತ್ತುತ್ತದೆ.

ಮನೆಗೆ ಬಂದಾಗ ಮೇಸ್ತ್ರಿ ಸುತ್ತಿಗೆ ಹಿಡಿದು ಕಾಯುತ್ತಿದ್ದ. ಅವಳು ಚಪ್ಪಡಿ ಮುಚ್ಚಿಸಿದಳು. ಮುಂದಕ್ಕೆ ನಡೆದು, ಹೊಲಿಗೆ ಕೋಣೆಗೆಂದು ಸುಣ್ಣದಪುಡಿಯಲ್ಲಿ ಎಳೆದಿದ್ದ ಗೆರೆಯನ್ನು ಕಾಲಿನಿಂದ ಒರೆಸಿದಳು.

"ಇಲ್ಲಿ ತೋಡಿ."

ಗಂಡನಿಗೆ ತಮಾಷೆ ಹೊಳೆಯಲಿಲ್ಲ. "ಇನ್ನೊಂದ್ಸಲ ಯೋಚ್ನೆ ಮಾಡು," ಎಂದ ಮೆಲ್ಲಗೆ.

"ಯೋಚ್ನೆ ಮಾಡಿದ್ರೆ ಮನಸ್ಸು ಬದಲಾಗತ್ತೆ. ಬೇಗ ತೋಡಿ ಅನ್ನಿ."

ಕಿಟಕಿ ಬರಬೇಕಿದ್ದ ಕಡೆಯೇ ಹಾರೆಯ ಮೊದಲ ಏಟು ಬಿತ್ತು. ದರ್ಜಿಯಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆದರೆ ನಿಲ್ಲಿಸಿ ಎನ್ನಲಿಲ್ಲ.