ಅತ್ತೆ ನಿಂತಿದ್ದ ಸಿನಿಮಾ

ಶಾಂಭವಿ ಒಂದೇ ಡಿವಿಡಿಯನ್ನು ಏಳನೇ ಸಲ ಹಾಕಿ ತೆಗೆದಳು. ಪಕ್ಕದ ಕುರ್ಚಿಯಲ್ಲಿ ಅತ್ತೆ ಶಕುಂತಲಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಟಾಕೀಸಿಗೆ ಬಂದವರಂತೆ ಕೂತಿದ್ದರು.

ಶಕುಂತಲಮ್ಮನಿಗೆ ಹದಿನೇಳಾಗಿದ್ದಾಗ ಅವರ ತವರೂರಿನ ಹತ್ತಿರ ಒಂದು ಸಿನಿಮಾದ ಶೂಟಿಂಗ್ ನಡೆದಿತ್ತು. ಸಂತೆಯ ದೃಶ್ಯಕ್ಕೆ ಜನ ಬೇಕೆಂದು ಊರಿನ ಹುಡುಗಿಯರನ್ನು ನಿಲ್ಲಿಸಿದ್ದರು. ಸಿನಿಮಾ ತೆರೆಗೆ ಬರುವ ಹೊತ್ತಿಗೆ ಇವರಿಗೆ ಮದುವೆಯಾಗಿತ್ತು. ಹಾಸನದಲ್ಲಿ ಅದು ಓಡಿದ್ದು ಒಂದೇ ವಾರ, ಇವರಿಗೆ ನೋಡಲಾಗಲಿಲ್ಲ. ಆಮೇಲೆ ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಮೊನ್ನೆ ಶನಿವಾರಸಂತೆ ಊರಿನ ಫೋಟೋ ಸ್ಟುಡಿಯೋ ಚಿದಾನಂದ ಹಳೇ ಬೀರು ಖಾಲಿ ಮಾಡುವಾಗ ಅದರ ಡಿವಿಡಿ ಸಿಕ್ಕಿತ್ತು. ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲವೆಂದು, ತಂತಿಯಿಂದ ಜೋಡಿಸುವ ಡ್ರೈವನ್ನೂ ಅವನೇ ಕೊಟ್ಟಿದ್ದ.

"ಬಂತೇನವ್ವ?" ಶಕುಂತಲಮ್ಮ ಕೇಳಿದರು.

"ಇಲ್ಲ ಅತ್ತೆ. ಡಿಸ್ಕ್ ಓದಕ್ಕಾಗಲ್ಲ ಅಂತಿದೆ."

ಮಾವ ರೇವಣ್ಣ ಡಿಸ್ಕ್ ಇಸಿದುಕೊಂಡು ಹೆಗಲ ಟವೆಲಿನಿಂದ ಗಸಗಸ ಒರೆಸಿದರು. "ನಮ್ಮ ಟೇಪ್ ರೆಕಾರ್ಡರ್ ತಲೆ ಮೇಲೆ ಒಂದು ತಟ್ಟಿದ್ರೆ ಹಾಡೋದು. ಇದಕ್ಕೂ ಒಂದು ತಟ್ಟಿ ನೋಡ್ಲಾ?"

"ಬೇಡಿ ಮಾವ, ದಯವಿಟ್ಟು!"

ಶಾಂಭವಿ ತನ್ನ ತಮ್ಮ ಚೇತನ್‌ಕುಮಾರನಿಗೆ ಫೋನ್ ಮಾಡಿದಳು. ಹಳೇ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಹೋದ ವರ್ಷ ಅದರ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟಿದ್ದವನು ಅವನು.

"ಒರಿಜಿನಲ್ ಡಿಸ್ಕ್‌ಗೆ ಬೀಗ ಇರುತ್ತೆ ಅಕ್ಕ. ಅದನ್ನ ತೆಗೆಯೋ ಸಾಫ್ಟ್‌ವೇರ್ ಲಿನಕ್ಸ್ ಜೊತೆ ಬರಲ್ಲ, ನಾವೇ ಹಾಕ್ಕೋಬೇಕು. ಟರ್ಮಿನಲ್ ತೆಗಿ, ಹೇಳ್ತೀನಿ."

ಕಪ್ಪು ಪರದೆ ತೆರೆಯಿತು. ಅವನು ಒಂದೊಂದೇ ಅಕ್ಷರ ಹೇಳಿದ, ಇವಳು ಒಂದೊಂದೇ ಒತ್ತಿದಳು. ಪಾಸ್‌ವರ್ಡ್ ಕೇಳಿತು.

"ಟೈಪ್ ಮಾಡ್ತಿದ್ದೀನಿ, ಏನೂ ಕಾಣ್ತಿಲ್ಲ ಕಣೋ. ಕೀಬೋರ್ಡೂ ಕೆಟ್ಟೋಯ್ತಾ?"

"ಕಾಣಲ್ಲ ಅಕ್ಕ, ಅದು ಇರೋದೇ ಹಾಗೆ. ಹೊಡಿ."

ಎರಡು ಸಲ ತಪ್ಪಾಯಿತು. ಮೂರನೆಯದು ಸರಿಯಾಗುವಷ್ಟರಲ್ಲಿ ಕರೆಂಟ್ ಹೋಗಿ, ಅದರ ಜೊತೆಗೆ ವೈಫೈಯೂ ಹೋಯಿತು. ಮೊಬೈಲಿನ ನೆಟ್ ಕೊಡೋಣವೆಂದರೆ ಅದು ಸರಿಯಾಗಿ ಸಿಗುವುದು ಕಿಟಕಿಯ ಹತ್ತಿರ ಮಾತ್ರ. ಲ್ಯಾಪ್‌ಟಾಪು, ಡ್ರೈವು, ಅತ್ತೆಯ ಕುರ್ಚಿ ಎಲ್ಲವೂ ಕಿಟಕಿಗೆ ಹೋದವು.

ಕೊನೆಗೂ ಸಾಫ್ಟ್‌ವೇರ್ ಇಳಿಯಿತು. ಶಾಂಭವಿ ಡಿಸ್ಕ್ ಹಾಕಿದಳು. ಮತ್ತೆ ಅದೇ ಸಂದೇಶ.

"ಅಯ್ಯೋ, ಇನ್ನೊಂದು ಕಮಾಂಡ್ ಹೇಳೋದು ಮರೆತಿದ್ದೆ," ಅಂದ ಚೇತನ್.

"ನಿನ್ನ ಲಿನಕ್ಸಿಗೆ ಬೆಂಕಿ ಹಾಕ!"

"ಬಿಡವ್ವ, ಇಷ್ಟು ವರ್ಷ ನೋಡ್ದೇ ಇದ್ದೆ," ಎಂದರು ಶಕುಂತಲಮ್ಮ. ಹಾಗೆಂದರೂ ಕುರ್ಚಿ ಬಿಟ್ಟು ಏಳಲಿಲ್ಲ. ಅದನ್ನು ಕಂಡು ಶಾಂಭವಿ ಆ ಇನ್ನೊಂದು ಸಾಲನ್ನೂ ಹೊಡೆದಳು.

ಈ ಸಲ ಚಿತ್ರ ಬಂತು. ಹಾಡು ಶುರುವಾಯಿತು. ಮೂರು ನಿಮಿಷಕ್ಕೆ ನಾಯಕಿ ಕೈ ಎತ್ತಿದ ಕಡೆಯೇ ನಿಂತಳು. ಡ್ರೈವ್ ಟಕಟಕ ಎಂದು ಸುಮ್ಮನಾಯಿತು.

"ಡ್ರೈವ್ ಎಲ್ಲಿಗೆ ಸಿಕ್ಕಿಸಿದ್ದೀಯಾ ಅಕ್ಕ?"

"ಮೌಸು, ಪ್ರಿಂಟರು ಎಲ್ಲಾ ಸಿಕ್ಕಿಸ್ತೀನಲ್ಲ, ಆ ಡಬ್ಬಿಗೆ."

"ಅದರಿಂದ ಪವರ್ ಸಾಲಲ್ಲ. ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸು."

"ಇದನ್ನ ಬೆಳಿಗ್ಗೆನೇ ಹೇಳಕ್ಕೆ ಏನಾಗಿತ್ತು ನಿಂಗೆ?"

"ನೀನು ಕೇಳಲಿಲ್ವಲ್ಲ."

ಶಾಂಭವಿ ಫೋನ್ ಇಟ್ಟುಬಿಟ್ಟಳು. ತಂತಿಯನ್ನು ಬದಲಾಯಿಸಿ, ಸಿನಿಮಾವನ್ನು ಓಡಿಸುತ್ತಾ ಓಡಿಸುತ್ತಾ ಸಂತೆಯ ದೃಶ್ಯಕ್ಕೆ ಬಂದಳು. ನಾಯಕ ಜನರ ನಡುವೆ ನುಗ್ಗುತ್ತಿದ್ದ. ಅವನ ಹಿಂದೆ ಎರಡು ಜಡೆಯ ಹುಡುಗಿಯೊಬ್ಬಳು ಬದನೆಕಾಯಿ ಬುಟ್ಟಿ ಹಿಡಿದು, ನೇರವಾಗಿ ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ನಿಲ್ಸು!"

ಶಾಂಭವಿ ನಿಲ್ಲಿಸಿದಳು. ಶಕುಂತಲಮ್ಮ ಪರದೆಯ ಹತ್ತಿರ ಬಗ್ಗಿದರು. ರೇವಣ್ಣನೂ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಕ್ಯಾಮೆರಾ ನೋಡಬೇಡಿ ಅಂತ ಸಿನಿಮಾದವರು ಹತ್ತು ಸಲ ಬೈದಿದ್ರು," ಎಂದು ಶಕುಂತಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಆದ್ರೂ ನೋಡೇಬಿಟ್ಟಿದ್ದೀನಲ್ಲೇ! ಪಕ್ಕದಲ್ಲಿ ಅರ್ಧ ಮುಖ ಕಾಣ್ತಿರೋಳು ನನ್ನ ತವರಿನ ಗೆಳತಿ ವಿಶಾಲಾಕ್ಷಿ."

ಅವರು ಆಗಲೇ ಮೊಬೈಲ್ ಕೈಗೆತ್ತಿಕೊಂಡಿದ್ದರು. "ವಿಶಾಲಾಕ್ಷಿ, ಈಗಲೇ ಆಟೋ ಹತ್ತಿ ಬಾ. ಏನೂ ಕಷ್ಟ ಇಲ್ಲ ಕಣೇ, ನಮ್ಮ ಶಾಂಭವಿ ಒಂದು ಗುಂಡಿ ಒತ್ತಿದ್ರೆ ಬರುತ್ತೆ."

ಶಾಂಭವಿ ಅತ್ತೆಯ ಮುಖ ನೋಡಿದಳು. ಆಮೇಲೆ ತಂತಿ ಅಲುಗದಂತೆ, ಯಾರ ಕೈಗೂ ಸಿಗದ ಹಾಗೆ, ಲ್ಯಾಪ್‌ಟಾಪನ್ನು ಕಿಟಕಿಯಿಂದ ಮೆಲ್ಲಗೆ ಒಳಕ್ಕೆ ಸರಿಸಿದಳು.