ಮಣಿಕಟ್ಟಿಗೆ ಚುಚ್ಚಿದ ಸೂಜಿ

ಹುಬ್ಬಳ್ಳಿಯಲ್ಲಿ ಆರು ವರ್ಷ ಆಯುರ್ವೇದದ ವೈದ್ಯೆಯಾಗಿದ್ದ ಗೋದಾವರಿಯ ಪದವಿಗೆ ಟೆಕ್ಸಸ್‌ನಲ್ಲಿ ಬೆಲೆ ಇರಲಿಲ್ಲ. ಗಂಡ ಉಲ್ಲಾಸನನ್ನು ಡಲ್ಲಾಸ್‌ನಲ್ಲಿ ಬಿಟ್ಟು, ಆಸ್ಟಿನ್‌ನಲ್ಲಿ ಕೋಣೆ ಹಿಡಿದು ನಾಲ್ಕು ವರ್ಷ ಸೂಜಿ ಚುಚ್ಚಿ ಗುಣಪಡಿಸುವ ಚೀನೀ ವೈದ್ಯಪದ್ಧತಿ ಕಲಿತಳು. ಲೈಸೆನ್ಸ್ ಸಿಕ್ಕ ಮೇಲೆ ಡಲ್ಲಾಸ್‌ಗೆ ಮರಳಿ, ಪಕ್ಕದ ಲಾಸ್ ಕೊಲಿನಾಸ್ ಹತ್ತಿರ ಎರಡು ಕೋಣೆಯ ಕ್ಲಿನಿಕ್ ತೆರೆದಳು. ಗೋಡೆಗೆ ಮನುಷ್ಯದೇಹದ ದೊಡ್ಡ ಚಿತ್ರ. 'ಚೀ' ಎಂಬ ಪ್ರಾಣಶಕ್ತಿ ಹರಿಯುವ ದಾರಿಗಳು ಅದರ ಮೇಲೆ ಬಣ್ಣದ ಗೆರೆಗಳಾಗಿದ್ದವು. ಸೊಂಟನೋವು, ತಲೆನೋವು, ನಿದ್ದೆ ಬಾರದಿರುವುದು ಎಂದು ಜನ ಬರುತ್ತಿದ್ದರು. ಹಲವರಿಗೆ ಹಗುರಾಗುತ್ತಿತ್ತು, ಅವಳಿಗೂ ಅಷ್ಟೇ ಸಾಕಿತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ ಸತ್ಯಪ್ರಕಾಶ ಬಂದರು. ಧಾರವಾಡದವರು, ಡಲ್ಲಾಸ್‌ನ ಕನ್ನಡದವರಿಗೆಲ್ಲ ಹಿರಿಯರು. ಅವರ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ಎಡ ಕಂಕುಳಿನಿಂದ ತೋಳಿನ ಒಳಭಾಗದಲ್ಲಿ ಕಿರುಬೆರಳಿನ ತನಕ ಬೆರಳು ಎಳೆದು, ಬೆಳಗಿನಿಂದ ಹೀಗೆ ನೋಯುತ್ತಿದೆ ಎಂದರು.

"ನಿನ್ನ ಚಿತ್ರದಾಗ ಇದು ಹೃದಯದ ದಾರಿ ಅಲ್ಲೇನು, ಗೋದಾ? ಇಲ್ಲೇ ಎಲ್ಲೋ ತಡದದ. ಒಂದು ಸೂಜಿ ಹಾಕು."

ಅವರ ಕೈ ತಣ್ಣಗಿತ್ತು, ಹಣೆಯಲ್ಲಿ ಬೆವರು. ಇದು ಹೃದಯಾಘಾತ ಎಂದು ಅವಳಿಗೆ ಅರ್ಥವಾಯಿತು. ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದಳು. ಅವರು ಒಪ್ಪಲಿಲ್ಲ. ಹಾಗಾದರೆ ಮನೆಗೆ ಹೋಗಿ ಮಲಗುತ್ತೇನೆ ಎಂದು ಕಾರಿನ ಕೀ ತೆಗೆದು ಎದ್ದರು.

ಗೋದಾವರಿಗೆ ಬೇರೆ ಏನೂ ಹೊಳೆಯಲಿಲ್ಲ. ಆಯಿತು ಕಾಕಾ, ಮಲಗಿರಿ, ಸೂಜಿ ಹಾಕುತ್ತೇನೆ ಎಂದಳು. ಮಣಿಕಟ್ಟಿನ ಗೆರೆಯ ಹತ್ತಿರ ಒಂದೇ ಒಂದು ಸೂಜಿ ಚುಚ್ಚಿ, ಅಲುಗಾಡಬಾರದೆಂದು ಗದರಿಸಿದಳು. ಬಾಗಿಲಿನ ಆಚೆ ನಿಂತು 911ಕ್ಕೆ ಫೋನ್ ಮಾಡಿದಳು. ಆಂಬುಲೆನ್ಸ್ ಬರುವ ತನಕ ಅವರು ಕೈ ಚಾಚಿ ಮಗುವಿನಂತೆ ಮಲಗಿದ್ದರು. ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿದರು. ಬದುಕಿದರು.

ಯುಗಾದಿ ಕಾರ್ಯಕ್ರಮದಲ್ಲಿ ಸತ್ಯಪ್ರಕಾಶ ಮೈಕು ಹಿಡಿದು, ನನ್ನ ಜೀವ ಉಳಿಸಿದ್ದು ಈ ಹುಡುಗಿಯ ಒಂದು ಸೂಜಿ ಎಂದರು. ಸ್ಟೆಂಟಿನ ಮಾತು ಎತ್ತಲಿಲ್ಲ. ಶಾಲು ಹೊದಿಸಿದರು. ಮುನ್ನೂರು ಜನ ಚಪ್ಪಾಳೆ ತಟ್ಟುವಾಗ ಗೋದಾವರಿ ಶಾಲು ಮಡಚಿಕೊಂಡು ವೇದಿಕೆ ಇಳಿದಳು.

ಮರುವಾರದಿಂದ ಎದೆ ಹಿಡಿದುಕೊಂಡವರು, ಉಸಿರು ಕಟ್ಟುವವರು ಬರತೊಡಗಿದರು. ಅವಳು ಸತ್ಯಪ್ರಕಾಶರ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಕಾಕಾ, ನೀವು ಎದ್ದು ಹೋಗಬಾರದು ಅಂತ ಸೂಜಿ ಹಾಕಿದ್ದೆ. ಅದು ಔಷಧ ಅಲ್ಲ. ನಿಮಗ ಸುಳ್ಳು ಹೇಳಿದೆ."

ಅವರು ತಮ್ಮ ಎಡ ಮಣಿಕಟ್ಟನ್ನು ಸವರಿಕೊಂಡರು. ನಂತರ ಮೆಲ್ಲಗೆ ಹೇಳಿದರು: "ಕಿರುಬೆರಳಿನಿಂದ ಎದೀ ತನಕ ಬೆಚ್ಚಗೆ ಹರಿದದ್ದು ನನಗ ಗೊತ್ತದ. ನಿನ್ನ ನೀನೇ ಭಾಳ ಸಣ್ಣಾಕಿ ಮಾಡ್ಕೋಬ್ಯಾಡ."

ಹರಿದಿರಲಿಲ್ಲ ಎಂದು ಅವಳು ಹೇಗೆ ಹೇಳಿಯಾಳು? ನಾಲ್ಕು ವರ್ಷ ಕಲಿತದ್ದೇ ಆ ದಾರಿಗಳನ್ನು. ಸೂಜಿ ಚುಚ್ಚಿದವಳೂ ತಾನೇ.

ಮೇ ತಿಂಗಳಲ್ಲಿ ಹ್ಯೂಸ್ಟನ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಸಿಕೊಂಡು ವಸಂತಾ ಎಂಬ ಮೈಸೂರಿನ ಹೆಂಗಸು ಬಂದರು. ಪಾದ ಊದಿತ್ತು, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು. ಸೂಜಿಗೆ ಅಡ್ಡಿಯಾಗಬಾರದೆಂದು ಹನ್ನೆರಡು ದಿನದಿಂದ ಹೃದಯದ ಮಾತ್ರೆ ನಿಲ್ಲಿಸಿದ್ದರು. ಗೋದಾವರಿ ಸೂಜಿಯ ಡಬ್ಬಿ ಮುಚ್ಚಿಟ್ಟು, ಸತ್ಯಪ್ರಕಾಶರ ಕಥೆಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದಳು. ವಸಂತಾ ನಕ್ಕರು, ದೊಡ್ಡವರು ಹೀಗೇ, ತಮ್ಮ ಹೆಚ್ಚುಗಾರಿಕೆ ತಾವೇ ಹೇಳಿಕೊಳ್ಳುವುದಿಲ್ಲ ಎಂದರು.

ಅವಳು ವಾದ ಮಾಡಲಿಲ್ಲ. ಹೊರಗೆ ಕೂತಿದ್ದ ಅವರ ಗಂಡನನ್ನು ಕರೆದು, ತನ್ನ ಕಾರಿನಲ್ಲೇ ಇಬ್ಬರನ್ನೂ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದೊಯ್ದಳು. ಶ್ವಾಸಕೋಶದಲ್ಲಿ ನೀರು ತುಂಬಿದೆ, ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು.

ನಾಲ್ಕನೆಯ ದಿನ ನೋಡಲು ಹೋದಾಗ ವಸಂತಾ ಹಾಸಿಗೆಯ ಮೇಲೆ ಎದ್ದು ಕೂತಿದ್ದರು, ಕಾಲಿನ ಊತ ಇಳಿದಿತ್ತು. ಗೋದಾವರಿಯ ಕೈ ಹಿಡಿದು ಪಕ್ಕದಲ್ಲಿ ನಿಂತಿದ್ದ ತಂಗಿಗೆ ತೋರಿಸಿದರು.

"ನೋಡೇ, ಇವರು ಸೂಜಿ ಕೂಡ ಹಾಕ್ಲಿಲ್ಲ. ಬರೀ ಮುಟ್ಟಿದ್ರು, ಅಷ್ಟೇ."

ತಂಗಿ ಕೈಮುಗಿದು, ತನ್ನ ಅತ್ತೆಯನ್ನು ಯಾವಾಗ ಕರೆದುಕೊಂಡು ಬರಲಿ ಎಂದು ಕೇಳಿದಳು. ಗೋದಾವರಿ ಕುರ್ಚಿ ಎಳೆದುಕೊಂಡು ಕೂತು, ಫೆಬ್ರವರಿಯ ಆ ಮಧ್ಯಾಹ್ನದಿಂದ ಮತ್ತೆ ಹೇಳತೊಡಗಿದಳು.