ಜಮಾದಾರನ ಮಾತ್ರೆಗೆ ಮಡಿ

ನಮ್ಮ ಮನೆಯಲ್ಲಿ ನಾಯಿಗೂ ಒಂದು ಆಚಾರವಿದೆ. ಹೊರಗೆ ಏನು ಬೇಕಾದರೂ ತಿನ್ನಬಹುದು, ಗೇಟಿನೊಳಗೆ ಬಂದ ಮೇಲೆ ಸಸ್ಯಾಹಾರಿ. ನಮ್ಮ ನಾಯಿ ಜಮಾದಾರ ಹದಿಮೂರು ವರ್ಷ ಈ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದ. ಕಾಲು ಗಟ್ಟಿಯಿದ್ದಾಗ ದಿನಾ ಸಂಜೆ ಆಲ್ಕೊಳ ಸರ್ಕಲ್ಲಿಗೆ ಹೋಗಿ, ಬಿರಿಯಾನಿ ಹೋಟೆಲಿನ ಹಿಂದೆ ತನ್ನ ವ್ಯವಹಾರ ಮುಗಿಸಿ, ಬಾಯಿ ಚಪ್ಪರಿಸುತ್ತಾ ಬರುತ್ತಿದ್ದ. ನಮ್ಮತ್ತೆ ಬಸವರಾಜೇಶ್ವರಿ ಅವನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ "ಹೂಂ, ಬಾ ಒಳಗೆ" ಎನ್ನುತ್ತಿದ್ದರು. ಅಲ್ಲಿಗೆ ಕೋಳಿಯ ಲೆಕ್ಕ ಚುಕ್ತಾ. ಆಮೇಲೆ ಅವನು ಹಾಲು-ಅನ್ನ ಉಂಡು ಸಾಧುವಿನ ಹಾಗೆ ಮಲಗುತ್ತಿದ್ದ.

ವಯಸ್ಸಾಯಿತು. ಹಿಂಗಾಲಿನ ಸಂದುಗಳು ಹಿಡಿದುಕೊಂಡವು. ಬೆಳಿಗ್ಗೆ ಏಳಲು ಹೋಗುತ್ತಿದ್ದ, ಅರ್ಧ ಎದ್ದು ಮತ್ತೆ ಗೋಣಿಚೀಲದ ಮೇಲೆ ಕುಸಿದು "ಕುಂಯ್" ಎನ್ನುತ್ತಿದ್ದ. ನಮ್ಮ ಮಾವ ಮುರುಗೇಶಪ್ಪ ಅವನನ್ನು ಕುಂಸಿಯಿಂದ ಅಂಗೈಯಗಲದ ಮರಿಯಾಗಿ ತಂದವರು. ಅಡಿಕೆ ವ್ಯಾಪಾರ ಬಿಟ್ಟ ಮೇಲೆ ಅವರಿಗೆ ಮಾತಿಗೆ ಸಿಗುತ್ತಿದ್ದದ್ದು ಅವನೊಬ್ಬನೇ. ಒಂದು ದಿನ ಅತ್ತೆಯ ಡಬ್ಬಿಯಿಂದ ಯಾವುದೋ ಮೈಕೈ ನೋವಿನ ಮಾತ್ರೆ ತೆಗೆದು ಅರ್ಧ ಮುರಿದು ಅವನ ಬಾಯಿಗೆ ಹಾಕಲು ಹೊರಟಿದ್ದರು. ನಾನು ಓಡಿಹೋಗಿ ಕೈ ಹಿಡಿದೆ.

"ಮಾವ, ಅದು ಮನುಷ್ಯರದ್ದು!"

"ನೋವಿಗೆ ನಾಯಿ ಯಾವ್ದು, ಮನುಷ್ಯ ಯಾವ್ದು ಮಾರಾಯ್ತಿ?" ಎಂದರು.

ಆಟೋದಲ್ಲಿ ಹಾಕಿಕೊಂಡು ಪಶುವೈದ್ಯ ಹರ್ಷವರ್ಧನರ ಹತ್ತಿರ ಕರೆದೊಯ್ದೆವು. ಮನುಷ್ಯರ ಮಾತ್ರೆ ಕೊಟ್ಟರೆ ನಾಯಿಯ ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿ ಹೋಗುತ್ತದೆ ಎಂದು ಮಾವನಿಗೆ ಚೆನ್ನಾಗಿ ಬೈದು, ನಾಯಿಗಳದ್ದೇ ಮಾತ್ರೆ ಬರೆದುಕೊಟ್ಟರು. "ಇದು ವಾಸಿಯಾಗೋ ಕಾಯಿಲೆ ಅಲ್ಲ. ನೋವು ಹತೋಟಿಗೆ ಬರುತ್ತೆ, ಅಷ್ಟೇ. ಊಟ ಆದ್ಮೇಲೆ ದಿನಾ ಕೊಡಿ, ತಪ್ಪಿಸ್ಬೇಡಿ" ಎಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಕೋಳಿ ಲಿವರ್ ವಾಸನೆ ಹಾಕಿರ್ತಾರೆ, ಕೇಳಿ ಕೇಳಿ ತಿಂತಾವೆ" ಎಂದು ಖುಷಿಯಿಂದ ಸೇರಿಸಿದರು.

ಮಾವ ಸತ್ಯವಂತರು. ಮನೆಗೆ ಬಂದು ಅದನ್ನೂ ಹೇಳಿಬಿಟ್ಟರು.

"ಕೋಳೀನಾ? ಲಿಂಗಪೂಜೆ ಮಾಡೋ ಮನೇಲಾ?" ಅತ್ತೆ ಎದ್ದು ನಿಂತರು. ಅವರಿಗೂ ಮೊಣಕಾಲು ನೋವು, ಎದ್ದು ನಿಲ್ಲುವುದೆಂದರೆ ಸಣ್ಣ ಕೆಲಸವಲ್ಲ.

"ಬರೀ ವಾಸನೆ ಅತ್ತೆ."

"ವಾಸನೆ ಎಲ್ಲಿಂದ ಬಂತು? ಮಲ್ಲಿಗೆ ಹೂವಿಂದ ಬಂತಾ?"

ನನ್ನ ಗಂಡ ವೀರೇಂದ್ರ ಮೊಬೈಲಿನಿಂದ ತಲೆ ಎತ್ತದೆ "ನೀವೇ ಏನಾದ್ರೂ ಮಾಡ್ಕಳಿ" ಎಂದು ತೀರ್ಪು ಕೊಟ್ಟರು. ಕೊನೆಗೆ ರಾಜಿಯಾಯಿತು. ಮಾತ್ರೆ ಮನೆಯೊಳಗೆ ಬರಕೂಡದು, ಹಿತ್ತಲ ಬಚ್ಚಲಿನ ಕಿಟಕಿಯಲ್ಲಿರಬೇಕು. ಮಾವ ಅಲ್ಲೇ ನಲ್ಲಿಯ ಹತ್ತಿರ ಅದನ್ನು ಕೊಟ್ಟು, ಸ್ನಾನ ಮಾಡಿ, ಪೂಜೆಗೆ ಕೂರಬೇಕು. ಅಷ್ಟು ಹೊತ್ತಿಗೆ ನಾನು ಕಾಲೇಜಿಗೆ ಹೊರಟಿರುತ್ತಿದ್ದೆ, ಅಲ್ಲಿ ಪಾಠ ಹೇಳುವ ಕೆಲಸ ನನ್ನದು. ಹೋಗಲಿ, ಔಷಧಿ ಹೊಟ್ಟೆಗೆ ಸೇರಿದರೆ ಸಾಕು ಎಂದುಕೊಂಡೆ.

ವಾರಗಳು ಕಳೆದರೂ ಜಮಾದಾರ ಏಳಲಿಲ್ಲ. ಮತ್ತೆ ಕರೆದೊಯ್ದಾಗ ಡಾಕ್ಟರ್ ಮುಖ ಸಣ್ಣದು ಮಾಡಿಕೊಂಡರು. "ಡೋಸ್ ಜಾಸ್ತಿ ಮಾಡಿದ್ರೆ ಕಿಡ್ನಿ ತಡೆಯಲ್ಲ. ಇನ್ನೊಂದು ತಿಂಗಳು ನೋಡೋಣ. ಇಷ್ಟು ನರಳ್ತಾ ಇದ್ರೆ... ಮಲಗಿಸಿಬಿಡೋ ಇಂಜೆಕ್ಷನ್ ಇದೆ ಯಜಮಾನ್ರೆ. ಅದೂ ಒಂದು ಉಪಕಾರವೇ." ಮಾವ ಎದ್ದು ಬಂದರು. ಆಟೋದಲ್ಲಿ ಅಷ್ಟು ದೊಡ್ಡ ನಾಯಿಯನ್ನು ತೊಡೆಯ ಮೇಲೆ ಎಳೆದುಕೊಂಡು ದಾರಿಯುದ್ದಕ್ಕೂ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

ಅಷ್ಟರಲ್ಲಿ ದಾವಣಗೆರೆಯಲ್ಲಿ ಮದುವೆ ಬಂತು. ಹತ್ತಿರದ ನೆಂಟರು, ವಾರ ಮೊದಲೇ ಹೋಗಬೇಕು. ಜಮಾದಾರನನ್ನು ಭದ್ರಾವತಿಯಲ್ಲಿ ನಮ್ಮಮ್ಮನ ಹತ್ತಿರ ಬಿಟ್ಟೆವು. ಅಮ್ಮನೂ ಲಿಂಗ ಕಟ್ಟಿದವಳೇ. ಆದರೆ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಒಂದು ಕಡೆ ತಮಿಳರ ಮೀನು ಸಾರು, ಇನ್ನೊಂದು ಕಡೆ ತೆಲುಗರ ಕೋಳಿ ಸಾರಿನ ನಡುವೆ ಸಂಸಾರ ಮಾಡಿದವಳು. "ಔಷಧಿಗೆಂಥ ಕುಲ ಕಣೇ" ಎಂದು ಮಾತ್ರೆಯನ್ನು ಅವನ ಮುಂದೆ ಇಟ್ಟಳಂತೆ, ಅವನು ಕಟುಂ ಎಂದು ಕಡಿದು ನುಂಗಿದನಂತೆ. ಮದುವೆ ಮುಗಿಸಿ ಕರೆತರಲು ಹೋದಾಗ ಜಮಾದಾರ ಅಮ್ಮನ ಮನೆ ಗೇಟಿನವರೆಗೆ ತಾನೇ ನಡೆದು ಬಂದ. ಬಾಲ ಗೇಟಿಗೆ ಬಡಿದು ಟಣ ಟಣ ಎನ್ನುತ್ತಿತ್ತು. ಮಾವ ಬೀದಿಯಲ್ಲೇ ಕೂತು ಅವನನ್ನು ತಬ್ಬಿಕೊಂಡರು.

"ಭದ್ರಾ ನೀರು!" ಎಂದರು ಅತ್ತೆ.

"ಭದ್ರಾ ನೀರೇ!" ಎಂದರು ಮಾವ.

"ತುಂಗಾ ಪಾನ, ಗಂಗಾ ಸ್ನಾನ ಅಂತಾರಲ್ಲ ಮಾವ? ಅವನು ಇಷ್ಟು ವರ್ಷ ನಮ್ಮೂರಲ್ಲಿ ಕುಡಿದದ್ದು ಆ ತುಂಗೆ ನೀರೇ ಅಲ್ವಾ?"

"ಅದು ಮನುಷ್ಯರಿಗೆ ಹೇಳಿದ್ದು ಕಣಮ್ಮ" ಎಂದು ಮಾವ ನನ್ನ ಬಾಯಿ ಮುಚ್ಚಿಸಿದರು.

ಅಂದಿನಿಂದ ಭದ್ರಾವತಿ ಬಸ್ಸಿನಲ್ಲಿ ಕ್ಯಾನುಗಟ್ಟಲೆ ನೀರು ಬರತೊಡಗಿತು. ಜಮಾದಾರ ಕುಡಿದದ್ದೇ ಕುಡಿದದ್ದು. ಆದರೆ ವಾರ ಕಳೆಯುವಷ್ಟರಲ್ಲಿ ಮತ್ತೆ ಗೋಣಿಚೀಲ, ಮತ್ತೆ "ಕುಂಯ್". ಬಸ್ಸಿನಲ್ಲಿ ಕುಲುಕಿ ನೀರಿನ ಶಕ್ತಿ ಹೋಗಿರಬೇಕು ಎಂದು ಅತ್ತೆ ಸಂಶೋಧನೆ ಮಾಡಿದರು. ನನಗೋ, ಡಾಕ್ಟರ್ ಹೇಳಿದ ಇಂಜೆಕ್ಷನ್ ಕಣ್ಣಿಗೆ ಕಟ್ಟಿದ ಹಾಗಿತ್ತು.

ಭಾನುವಾರ ಒಗ್ಗರಣೆಗೆ ಕರಿಬೇವು ಕೀಳಲು ಹಿತ್ತಲಿಗೆ ಹೋದೆ. ಮಾವ ನಲ್ಲಿಕಟ್ಟೆಯ ಮೇಲೆ ಕೂತು, ಭದ್ರಾ ನೀರಿನ ಚೊಂಬಿನೊಳಗೆ ಎರಡು ಬೆರಳು ಇಳಿಬಿಟ್ಟು, ಹುಣಸೆಹಣ್ಣು ಕಿವುಚಿದ ಹಾಗೆ ಏನನ್ನೋ ತಿಕ್ಕುತ್ತಿದ್ದರು. ತಿಕ್ಕುವುದು, ಮೂಸುವುದು, ಮತ್ತೆ ತಿಕ್ಕುವುದು. ಆಮೇಲೆ ಕಂದು ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲಿ, ಉಳಿದ ಬೇಳೆ ಗಾತ್ರದ ಚೂರನ್ನು ಬಾಳೆಹಣ್ಣಿನಲ್ಲಿ ಹುದುಗಿಸಿದರು.

"ಮಾವ! ಏನ್ಮಾಡ್ತಿದೀರಿ?"

"ಕೋಳಿ ತೆಗೀತಿದೀನಿ."

"ದಿನಾನೂ ಹೀಗೇನಾ?"

"ದಿನಾನೂ. ವಾಸನೆ ಪೂರ್ತಿ ಹೋಗೋ ತನಕ ಬಿಡಲ್ಲ" ಎಂದರು, ಶಹಬ್ಬಾಸ್ ಅನ್ನಲಿ ಎಂಬಂತೆ ನನ್ನ ಮುಖ ನೋಡುತ್ತಾ.

ನಾನು ಗಿಡ ನೋಡಿದೆ. ಕಂಪೌಂಡಿನ ಮೇಲಕ್ಕೆ ಬೆಳೆದು ಹಸಿರು ಕಾರುತ್ತಿತ್ತು. ಇಡೀ ಮನೆಯಲ್ಲಿ ಸಂದುನೋವಿಲ್ಲದೆ ಇದ್ದದ್ದು ಅದೊಂದೇ.

ನನ್ನ ಪಿತ್ತ ನೆತ್ತಿಗೇರಿತು. "ಅಲ್ಲಿ ಡಾಕ್ಟರ್ ಇವನನ್ನ ಸಾಯಿಸೋ ಮಾತಾಡ್ತಿದಾರೆ, ನೀವಿಲ್ಲಿ ಔಷಧೀನ ಗಿಡಕ್ಕೆ ಕುಡಿಸ್ತಿದೀರಾ?" ಮಾವನ ಕೈಯಿಂದ ಚೊಂಬು ಜಾರಿತು. "ನಾಳೆಯಿಂದ ನಾನೇ ಕೊಡ್ತೀನಿ. ತೊಳೆಯೋದೂ ಇಲ್ಲ, ಗಿಳೆಯೋದೂ ಇಲ್ಲ!"

ಅತ್ತೆ ಹೊಸ್ತಿಲಿಗೆ ಬಂದಿದ್ದರು. "ಧಾರಾಳವಾಗಿ ಕೊಡು. ಕೊಟ್ಟ ಮೇಲೆ ಅವನು ಗೇಟಿಂದಾಚೆಗೇ ಇರ್ಲಿ."

ಗೇಟಿನಾಚೆ ಬೀದಿನಾಯಿಗಳ ಹಿಂಡು. ಏಳಲಾರದ ಮುದುಕನನ್ನು ಅವು ಒಂದು ರಾತ್ರಿಯೂ ಉಳಿಸುವುದಿಲ್ಲ. ಅತ್ತೆಗೂ ಅದು ಗೊತ್ತಿತ್ತು. ಆಗ ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ಅತ್ತೆ, ಮೊಣಕಾಲಿಗೆ ಅಂತ ದಿನಾ ಕ್ಯಾಪ್ಸೂಲ್ ನುಂಗ್ತೀರಲ್ಲ, ಅದರ ಸಿಪ್ಪೆ ಯಾವುದರದ್ದು ಗೊತ್ತಾ? ಪ್ರಾಣಿಗಳ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು. ಅದನ್ನ ದೇವರಗೂಡಿನ ಪಕ್ಕದಲ್ಲೇ ಇಟ್ಕೊಂಡಿದೀರಿ."

"ಸುಳ್ಳು" ಎಂದರು ಅತ್ತೆ. ಮೆಡಿಕಲ್ ಶಾಪಿಗೆ ಫೋನ್ ಮಾಡಿ ಕೇಳಿದರು. ಅಂಗಡಿಯವನು ಹೌದೆಂದ. ಆ ದಿನವೆಲ್ಲ ಅತ್ತೆ ಕ್ಯಾಪ್ಸೂಲಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಬುದ್ಧಿ ಬಂತು ಎಂದುಕೊಂಡೆ. ಎಲ್ಲಿಯ ಬುದ್ಧಿ! ಮರುದಿನ ಅತ್ತೆ ಕ್ಯಾಪ್ಸೂಲನ್ನು ಹಿಡಿದುಕೊಂಡು ಅದೇ ನಲ್ಲಿಕಟ್ಟೆಗೆ ಹೋದರು. ತಿಕ್ಕಿದರು. ಸಿಪ್ಪೆ ಮೆತ್ತಗಾಗಿ ಒಡೆಯಿತು, ಒಳಗಿನ ಪುಡಿಯೆಲ್ಲ ಕರಿಬೇವಿಗೆ ಹೋಯಿತು. ಬೆರಳಿಗೆ ಅಂಟಿಕೊಂಡಿದ್ದ ಸಿಪ್ಪೆಯನ್ನು "ಶಿವಾ" ಎಂದು ಭಕ್ತಿಯಿಂದ ನುಂಗಿದರು. ಬೇಡದ್ದು ಒಳಗೆ ಹೋಯಿತು, ಬೇಕಾದದ್ದು ಗಿಡಕ್ಕೆ ಹೋಯಿತು. ಹೇಳಿದರೆ ಕೇಳುವ ಪೈಕಿಯಲ್ಲ ಅವರು.

ಎರಡು ಮೂರು ದಿನ ಹಾಗೇ ನಡೆಯಿತು. ಗೇಟಿನಾಚೆಯ ಹಿಂಡಿಗೆ ಹೆದರಿ ಜಮಾದಾರನ ಮಾತ್ರೆಯನ್ನೂ ಮಾವನ ಕೈಗೇ ಬಿಟ್ಟಿದ್ದೆ, ಅವರು ತೊಳೆದೇ ಕೊಡುತ್ತಿದ್ದರು. ಒಂದು ಬೆಳಿಗ್ಗೆ ತಿಂಡಿಯಾದ ಮೇಲೆ, ನಾನು ಕಾಲೇಜಿಗೆ ಹೊರಡುವ ಮೊದಲು, ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತಾ ಕೂತಿದ್ದವರು ಏಳಲು ಹೋದರು, ಆಗಲಿಲ್ಲ. ಗೋಡೆ ಹಿಡಿದು ಅರ್ಧ ಎದ್ದು ಮತ್ತೆ ಕುಸಿದರು. "ಅಯ್ಯೋ ಶಿವನೇ!" ಎದುರಿಗೆ ಗೋಣಿಚೀಲದ ಮೇಲೆ ಜಮಾದಾರ, ಯಜಮಾನಿಗೆ ಏನಾಯಿತೆಂದು ಬರಲು ಹೋಗಿ, ಅವನೂ ಅರ್ಧ ಎದ್ದು ಕುಸಿದ. "ಕುಂಯ್."

ನಾನು ಹಿಡಿಯಲು ಹೋದರೆ ಅತ್ತೆ ಕೈ ಅಡ್ಡ ಮಾಡಿದರು. ಅವನನ್ನೇ ನೋಡುತ್ತಿದ್ದರು.

"ನಿಂಗೆ ಇಷ್ಟು ದಿನಾನೂ ಹಿಂಗೇ ಆಗ್ತಿತ್ತೇನೋ?" ಎಂದರು. ಕಣ್ಣಲ್ಲಿ ನೀರು ತುಂಬಿತ್ತು.

ಆಮೇಲೆ ಒಳಗೆ ಕೂಗಿದರು. "ರೀ, ನನ್ ಮಾತ್ರೆ, ಇವನ ಮಾತ್ರೆ ಎರಡೂ ತಗೊಂಬನ್ನಿ."

ಮಾವ ಎರಡನ್ನೂ ತಂದು, ಅಭ್ಯಾಸಬಲದಿಂದ ಚೊಂಬಿಗೆ ಕೈ ಹಾಕಿದರು.

"ತೊಳೀಬೇಡ್ರೀ!"

ಅತ್ತೆ ಕ್ಯಾಪ್ಸೂಲನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಇನ್ನೊಂದನ್ನು ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಗೈಯಲ್ಲಿ ಹಿಡಿದರು. ಜಮಾದಾರ ಕಟುಂ ಎಂದು ಕಡಿದು ನುಂಗಿ, ವಾಸನೆ ಉಳಿದಿದ್ದ ಆ ಅಂಗೈಯನ್ನು ನೆಕ್ಕುತ್ತಾ ಹೋದ. ಅತ್ತೆ ಕೈ ಎಳೆದುಕೊಳ್ಳಲಿಲ್ಲ. ಕಂಪೌಂಡಿನ ಆಚೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದರು.

"ಯಾರ ಹತ್ರಾನೂ ಹೇಳ್ಬೇಡ ಮಾರಾಯ. ಕೇಳಿದ್ರೆ ಭದ್ರಾ ನೀರು ಅನ್ನು."